ಬೀದಿಬದಿ ವ್ಯಾಪಾರಿಯನ್ನು ಎಬ್ಬಿಸೋ ಮುಂಚೆ ಕಾನೂನು ಏನು ಹೇಳುತ್ತೆ? ಚಳ್ಳಕೆರೆ, ಮೊಳಕಾಲ್ಮೂರಿನವರಿಗೊಂದು ಕೈಪಿಡಿ

ಚಳ್ಳಕೆರೆ ಅಂದರೆ ಶೇಂಗಾ ಎಣ್ಣೆ, ಕಂಬಳಿ. ಮೊಳಕಾಲ್ಮೂರು ಅಂದರೆ ರೇಷ್ಮೆ ಸೀರೆ. ಆದರೆ ಈ ಎರಡೂ ಊರಿನ ಜನರ ದಿನದ ಸಂತೆ ನಡೆಯೋದು ತಳ್ಳುಗಾಡಿಯವರು, ಸೊಪ್ಪು-ಹೂವು ಮಾರುವವರು, ಮಂಡಕ್ಕಿ-ಮಿರ್ಚಿ ಅಂಗಡಿಯವರ ಹತ್ತಿರ. ಕೈಯಲ್ಲಿ ಕಾಗದ ಇಲ್ಲದ ವ್ಯಾಪಾರಿ ಯಾರದೋ ಕೃಪೆಯಲ್ಲಿ ಕೂರಬೇಕು. ಆ ಕೃಪೆಗೆ ದಿನಕ್ಕಿಷ್ಟು ಅಂತ ಬೆಲೆ ಕಟ್ಟುವುದು ಸುಲಭ. ಲಂಚದ ಬೇರು ಇರುವುದು ಇಲ್ಲೇ.

ಕಾನೂನು ಯಾವುದು?

ಬೀದಿ ವ್ಯಾಪಾರ ಸಂವಿಧಾನದ 19(1)(ಜಿ) ವಿಧಿಯಡಿ ಹಕ್ಕು, ಅದಕ್ಕೆ ನ್ಯಾಯಯುತ ನಿರ್ಬಂಧ ಹಾಕಬಹುದು ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಸೋದನ್ ಸಿಂಗ್ ಪ್ರಕರಣದಲ್ಲಿ ಹೇಳಿತ್ತು. ಇದಕ್ಕೊಂದು ಕೇಂದ್ರ ಕಾಯ್ದೆ ಬಂದಿದ್ದು 2014ರಲ್ಲಿ. ಅದು ನಗರ, ಪಟ್ಟಣಗಳಿಗೆ ಅನ್ವಯ. ಹಾಗಾಗಿ ಚಳ್ಳಕೆರೆ ನಗರಸಭೆ, ಮೊಳಕಾಲ್ಮೂರು ಪಟ್ಟಣ ಪಂಚಾಯ್ತಿ ಎರಡೂ ಇದರಡಿ ಬರುತ್ತವೆ.

ಅದರಲ್ಲಿ ಏನಿದೆ?

- ಕನಿಷ್ಠ 5 ವರ್ಷಕ್ಕೊಮ್ಮೆ ವ್ಯಾಪಾರಿಗಳ ಸಮೀಕ್ಷೆ ಆಗಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ.
- ಊರಿನ ಜನಸಂಖ್ಯೆಯ ಶೇ 2.5ರವರೆಗೆ ವ್ಯಾಪಾರಿಗಳಿಗೆ ಜಾಗ ಕೊಡಬೇಕು. 2011ರ ಜನಗಣತಿಯಲ್ಲಿ ಚಳ್ಳಕೆರೆ ಸುಮಾರು 55 ಸಾವಿರ ಜನರ ಊರು. ಆ ಲೆಕ್ಕದಲ್ಲಿ 1,375ರಷ್ಟು ಮಂದಿ.
- ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆರಿಸಿದ ವ್ಯಾಪಾರಿಗಳಾಗಿರಬೇಕು. ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು.
- ಎಬ್ಬಿಸಬೇಕಾದರೆ, ಸ್ಥಳಾಂತರಿಸಬೇಕಾದರೆ 30 ದಿನ ಮುಂಚೆ ನೋಟಿಸ್ ಕೊಡಬೇಕು.
- ಸಾಮಾನು ಜಪ್ತಿ ಮಾಡಿದರೆ ಪಟ್ಟಿ ಬರೆದು ಅದರ ಪ್ರತಿ ಕೊಡಬೇಕು. ಕೇಳಿದ ಮೇಲೆ ಹಣ್ಣು, ತರಕಾರಿಯಂಥದ್ದನ್ನು ಅದೇ ದಿನ, ಉಳಿದದ್ದನ್ನು 2 ಕೆಲಸದ ದಿನದೊಳಗೆ ಬಿಡಬೇಕು.
- ಪ್ರಮಾಣಪತ್ರದ ಷರತ್ತು ಪಾಲಿಸಿ ವ್ಯಾಪಾರ ಮಾಡುವವರನ್ನು ಪೊಲೀಸರಾಗಲಿ, ಬೇರೆ ಅಧಿಕಾರಿಗಳಾಗಲಿ ತಡೆಯುವಂತಿಲ್ಲ ಎನ್ನುತ್ತದೆ 27ನೇ ಸೆಕ್ಷನ್.

ಪಟ್ಟಿ ಬರೆಯದೆ ತಕ್ಕಡಿ ಎತ್ತಿಕೊಂಡು ಹೋದರೆ ಅದನ್ನು ಬಿಡಿಸಿಕೊಳ್ಳೋಕೆ ಚೌಕಾಸಿ ಶುರುವಾಗುತ್ತೆ. ಅದಕ್ಕೇ ಆ ಪಟ್ಟಿ ಮುಖ್ಯ.

ಸುಂಕ ಯಾವುದು, ಲಂಚ ಯಾವುದು?

ನಿಗದಿಯಾದ ದರ, ಅದಕ್ಕೆ ರಸೀದಿ ಇದ್ದರೆ ಸುಂಕ. ವಸೂಲಿಗೆ ಬಂದವರನ್ನು ದರಪಟ್ಟಿ ತೋರಿಸಿ, ರಸೀದಿ ಕೊಡಿ ಅಂತ ಕೇಳೋದು ತಪ್ಪಲ್ಲ. ಸರ್ಕಾರಿ ನೌಕರ ರಸೀದಿ ಇಲ್ಲದೆ ತನಗಾಗಿ ಕೇಳಿದರೆ ಅದು ಲಂಚ, 3ರಿಂದ 7 ವರ್ಷ ಜೈಲಾಗುವ ಅಪರಾಧ.

ಇಲ್ಲೊಂದು ಎಚ್ಚರಿಕೆ. 2018ರ ತಿದ್ದುಪಡಿ ಆದ ಮೇಲೆ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ತನಿಖಾ ಸಂಸ್ಥೆಗೆ ತಿಳಿಸಿದವರಿಗೆ ಮಾತ್ರ ರಕ್ಷಣೆ. ಕೊಡುವ ಮುಂಚೆಯೇ ದೂರು ಕೊಟ್ಟರೆ ಇನ್ನೂ ಒಳ್ಳೇದು. ಹೈಕೋರ್ಟ್ 2022ರ ಆಗಸ್ಟ್‌ನಲ್ಲಿ ಎಸಿಬಿ ರದ್ದು ಮಾಡಿದ ಮೇಲೆ ಈ ಅಧಿಕಾರ ಮತ್ತೆ ಲೋಕಾಯುಕ್ತ ಪೊಲೀಸರ ಕೈಗೆ ಬಂದಿದೆ.

ಗುರುತಿನ ಚೀಟಿ ಯಾಕೆ ಬೇಕು?

ಸಾಲಕ್ಕೂ ಅದೇ ಆಧಾರ. 2020ರ ಜೂನ್‌ನಲ್ಲಿ ಶುರುವಾದ ಪಿಎಂ ಸ್ವನಿಧಿ ಯೋಜನೆಯಲ್ಲಿ ಮೊದಲ ಕಂತು ₹10,000 ಇತ್ತು, 2025ರಲ್ಲಿ ಅದನ್ನು ₹15,000ಕ್ಕೆ ಏರಿಸಿದರು. ಸಮೀಕ್ಷೆಯಲ್ಲಿ ಹೆಸರು ಬಿಟ್ಟುಹೋದವರು ಸ್ಥಳೀಯ ಸಂಸ್ಥೆಯಿಂದ ಶಿಫಾರಸು ಪತ್ರ ತಂದು ಅರ್ಜಿ ಹಾಕಬಹುದು.

ನೀವೇನು ಮಾಡಬಹುದು?

ಗಾಡಿ ಬಿಟ್ಟು ಕಚೇರಿ ಅಲೆಯೋಕೆ ಹೋದರೆ ವ್ಯಾಪಾರಿಗೆ ಒಂದು ದಿನದ ದುಡಿಮೆ ಹೋಯ್ತು. ಓದುಬರಹ ಬಲ್ಲ ಯುವಕ ಯುವತಿಯರು ₹10 ಕಟ್ಟಿ ಮಾಹಿತಿ ಹಕ್ಕು ಅರ್ಜಿ ಹಾಕಬಹುದು. ಕೇಳಬೇಕಾದ್ದು ಇಷ್ಟೇ: ಕೊನೆಯ ಸಮೀಕ್ಷೆ ಯಾವಾಗ ಆಯ್ತು, ಎಷ್ಟು ಜನಕ್ಕೆ ಪ್ರಮಾಣಪತ್ರ ಸಿಕ್ಕಿದೆ, ವ್ಯಾಪಾರ ಸಮಿತಿ ಸಭೆಯ ನಡಾವಳಿ ಎಲ್ಲಿ, ಸುಂಕದ ದರ ಎಷ್ಟು. ಉತ್ತರಕ್ಕೆ 30 ದಿನದ ಗಡುವಿದೆ. ಆ ಉತ್ತರದ ಜೆರಾಕ್ಸ್ ಪ್ರತಿ ವ್ಯಾಪಾರಿಗಳ ಕೈಯಲ್ಲಿದ್ದರೆ, ಮುಂದಿನ ಸಲ ಎಬ್ಬಿಸೋಕೆ ಬಂದವರೇ ಮೊದಲು ನೋಟಿಸ್ ತೋರಿಸಬೇಕಾಗುತ್ತೆ.