ತಂಪು ಯಾರ ಕೈಯಲ್ಲಿತ್ತು? ಬಿಯರ್, ಅರಿಷ್ಟ ಮತ್ತು ಕಲಘಟಗಿಯ ಗಡಿಗೆ

ಇವತ್ತಿನ ವಿಷಯ ಬಿಯರ್. ಗಾಬರಿ ಆಗಬ್ಯಾಡ್ರಿ, ಇದು ಕುಡಿಯೋ ಮಾತಲ್ಲ, ಉಷ್ಣಾಂಶದ ಮಾತು.

ವಿದೇಶದ ವಿಡಿಯೋ ನೋಡಿದ ಹುಡುಗರು ನನ್ನನ್ನ ಆಗಾಗ ಕೇಳ್ತಾರೆ: ಅಲ್ಲಿ ಮನೆಯಲ್ಲೇ ಬಿಯರ್ ಮಾಡ್ತಾರಲ್ಲ, ನಮ್ಮ ಕಲಘಟಗಿಯಲ್ಲಿ ಯಾಕೆ ಯಾರೂ ಮಾಡಲ್ಲ? ಮೊದಲ ಉತ್ತರ ಸರಳ. ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸೋದು ಅಪರಾಧ, ಮನೆಯಲ್ಲಿ ಮಾಡಿದ ಬಿಯರ್ ಕೂಡ ಅದರೊಳಗೇ ಬರುತ್ತೆ. ಆದರೆ ಕಾನೂನಿಗಿಂತ ಮುಂಚೆಯೇ ಇನ್ನೊಂದು ಅಡ್ಡಿ ಇತ್ತು. ಅದು ನಮ್ಮ ಬಿಸಿಲು.

ಬಿಯರ್ ಅಂದರೆ ಮೊಳಕೆ ಬರಿಸಿದ ಬಾರ್ಲಿಯ ಸಿಹಿ ನೀರನ್ನು ಯೀಸ್ಟ್ ತಿಂದು ಮದ್ಯ ಮಾಡುವುದು. ಏಲ್ ಅನ್ನೋ ಜಾತಿಯ ಯೀಸ್ಟಿಗೆ ಸುಮಾರು 18ರಿಂದ 22 ಡಿಗ್ರಿ ಬೇಕು. ಲಾಗರ್ ಯೀಸ್ಟಿಗೆ ಇನ್ನೂ ತಂಪು, 8ರಿಂದ 13 ಡಿಗ್ರಿ. ಅದಕ್ಕಿಂತ ಬಹಳ ಬಿಸಿಯಾದರೆ ಯೀಸ್ಟ್ ಅವಸರಕ್ಕೆ ಬೀಳುತ್ತದೆ. ಬೇಗ ಮುಗಿಸುತ್ತದೆ, ಆದರೆ ಪೇಂಟ್ ತೆಳು ಮಾಡೋ ಎಣ್ಣೆಯ ಹಾಗೆ ನಾರುವ ಭಾರೀ ಆಲ್ಕೋಹಾಲ್‌ಗಳನ್ನೂ ಹುಟ್ಟಿಸುತ್ತದೆ. ಇನ್ನೊಂದು ತೊಂದರೆ ಏನಂದ್ರೆ, ಕೆಲಸ ಮಾಡುವ ಯೀಸ್ಟ್ ತಾನೇ ಶಾಖ ಬಿಡುತ್ತದೆ. ಕೋಣೆಗಿಂತ ಪಾತ್ರೆಯ ಒಳಗೆ ಮೂರ್ನಾಲ್ಕು ಡಿಗ್ರಿ ಹೆಚ್ಚೇ ಇರಬಹುದು. ನಮ್ಮಲ್ಲಿ ಏಪ್ರಿಲ್‌ನಲ್ಲಿ ಹೊರಗೆ 35 ದಾಟಿರುತ್ತೆ. ಲೆಕ್ಕ ನೀವೇ ಹಾಕ್ರಿ.

ಈ ತೊಂದರೆ ನಮಗೊಬ್ಬರಿಗೇ ಇತ್ತು ಅಂತ ತಿಳ್ಕೋಬ್ಯಾಡ್ರಿ. 1553ರಲ್ಲಿ ಜರ್ಮನಿಯ ಬವೇರಿಯಾದ ದೊರೆ ಒಂದು ಆಜ್ಞೆ ಹೊರಡಿಸಿದ: ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಯಾರೂ ಬಿಯರ್ ಮಾಡಕೂಡದು. ಬೇಸಿಗೆಯಲ್ಲಿ ಮಾಡಿದ್ದು ಕೆಡುತ್ತದೆ ಅನ್ನೋದು ಅವರಿಗೆ ಅನುಭವದಿಂದ ಗೊತ್ತಿತ್ತು. ಯೀಸ್ಟ್ ಒಂದು ಜೀವಿ ಅನ್ನೋದು ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಚಳಿಗಾಲದಲ್ಲಿ ಮಾಡಿದ್ದನ್ನು ನೆಲಮಾಳಿಗೆಯಲ್ಲಿ, ಕೆರೆಯಿಂದ ಕಡಿದು ತಂದ ಮಂಜುಗಡ್ಡೆಯ ನಡುವೆ ಇಡುತ್ತಿದ್ದರು.

ಇಂಥ ನಾಡುಗಳ ಪಾನೀಯ ನಮ್ಮ ದೇಶಕ್ಕೆ ಬಂದದ್ದು ಬ್ರಿಟಿಷರ ಬಾಯಿ ರುಚಿಗಾಗಿ. ಮೊದಲಿಗೆ ಇಂಗ್ಲೆಂಡಿನ ತಂಪಿನಲ್ಲಿ ಮಾಡಿ, ಪೀಪಾಯಿ ತುಂಬಿ ಹಡಗಿನಲ್ಲಿ ಕಳಿಸುತ್ತಿದ್ದರು. ಆಮೇಲೆ ತಂಪನ್ನೇ ಕಳಿಸಿದರು! 1833ರಲ್ಲಿ ಅಮೆರಿಕದ ಬಾಸ್ಟನ್‌ನಿಂದ ಟಸ್ಕನಿ ಅನ್ನೋ ಹಡಗು ಸುಮಾರು 180 ಟನ್ ಮಂಜುಗಡ್ಡೆ ಹೊತ್ತು ಹೊರಟಿತು. ನಾಲ್ಕು ತಿಂಗಳ ನಂತರ ಕಲ್ಕತ್ತಾ ಮುಟ್ಟಿದಾಗ ಸುಮಾರು 100 ಟನ್ ಕರಗದೆ ಉಳಿದಿತ್ತು. ಮದ್ರಾಸಿನಲ್ಲಿ 1842ರಲ್ಲಿ ಕಟ್ಟಿದ ಐಸ್ ಹೌಸ್ ಇವತ್ತಿಗೂ ನಿಂತಿದೆ, ಈಗ ಅದರ ಹೆಸರು ವಿವೇಕಾನಂದರ್ ಇಲ್ಲಂ. ಬ್ರೂವರಿ ಕಟ್ಟಬೇಕಾದಾಗ ಬ್ರಿಟಿಷರು ಗುಡ್ಡ ಹತ್ತಿದರು: ಕಸೌಲಿ, ಮರ್ರಿ, ನೀಲಗಿರಿ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರೂ ಆ ಪಟ್ಟಿಗೆ ಸೇರಿತು. 1915ರಲ್ಲಿ ಥಾಮಸ್ ಲೀಶ್‌ಮನ್ ದಕ್ಷಿಣ ಭಾರತದ 5 ಬ್ರೂವರಿಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಮಾಡಿದ. ಅಷ್ಟರಲ್ಲಿ ಕಾರ್ಲ್ ಫಾನ್ ಲಿಂಡೆಯ ತಂಪುಯಂತ್ರ ಬಂದಾಗಿತ್ತು. 1870ರ ದಶಕದಲ್ಲಿ ಆ ಯಂತ್ರಕ್ಕೆ ಮೊದಲ ಗಿರಾಕಿಗಳಾದವರು ಯಾರು ಗೊತ್ತಾ? ಬಿಯರ್ ಮಾಡುವವರೇ. ನಿಮ್ಮ ಅಡುಗೆಮನೆ ಫ್ರಿಜ್‌ನ ವಂಶವೃಕ್ಷದಲ್ಲಿ ಒಂದು ಬಿಯರ್ ಪೀಪಾಯಿ ಇದೆ.

ಈಗ ನಮ್ಮ ಕಡೆ ಬರೋಣ. ಹುಳಿ ಬರಿಸೋದು ನಮಗೇನು ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷ ಅನ್ನೋ ಅಧಿಕಾರಿ ಇದ್ದಾನೆ, ಅಂದರೆ ಆಗಿನ ಅಬಕಾರಿ ಸಾಹೇಬ. ಆ ಗ್ರಂಥದಲ್ಲೇ ಇನ್ನೊಂದು ಮಾತೂ ಇದೆ: ವಿಶೇಷ ಕಾರ್ಯಗಳಿದ್ದಾಗ ಸಂಸಾರಸ್ಥರು ಮನೆಯಲ್ಲಿ ಬಿಳಿ ಸುರೆ ಮಾಡಿಕೊಳ್ಳಬಹುದು, ಔಷಧಕ್ಕಾಗಿ ಅರಿಷ್ಟ ಮಾಡಿಕೊಳ್ಳಬಹುದು. ಸರ್ಕಾರದ ಕಣ್ಣೂ ಇತ್ತು, ಮನೆಗೆ ಒಂದಿಷ್ಟು ಜಾಗವೂ ಇತ್ತು.

ಉಷ್ಣಾಂಶ ಹೇಗೆ ಹಿಡಿಯುತ್ತಿದ್ದರು? ಆಯುರ್ವೇದದ ಅರಿಷ್ಟ ಮಾಡುವ ಕ್ರಮ ನೋಡ್ರಿ. ತುಪ್ಪ ಸವರಿದ ಮಣ್ಣಿನ ಪಾತ್ರೆಗೆ ಕಷಾಯ, ಬೆಲ್ಲ ಅಥವಾ ಜೇನು, ಧಾತಕಿ ಹೂವು ಹಾಕಿ, ಬಾಯಿ ಮುಚ್ಚಿ, ಧಾನ್ಯದ ರಾಶಿಯಲ್ಲಿ ಹೂತಿಡಬೇಕು. ಎಷ್ಟೋ ಅರಿಷ್ಟಗಳಿಗೆ ಒಂದು ತಿಂಗಳು. ಧಾನ್ಯದ ರಾಶಿ ಅಂದರೆ ಕಾಳುಗಳ ನಡುವೆ ಸಿಕ್ಕಿಬಿದ್ದ ಗಾಳಿ, ಗಾಳಿ ಅಂದರೆ ಒಳ್ಳೇ ಕಂಬಳಿ. ಮಧ್ಯಾಹ್ನದ ಬಿಸಿ ಒಳಗೆ ಹೋಗಲ್ಲ, ರಾತ್ರಿಯ ಚಳಿಯೂ ತಟ್ಟಲ್ಲ. ಥರ್ಮಾಮೀಟರ್ ಇಲ್ಲದ ಕಾಲದ ಥರ್ಮೋಸ್ಟಾಟ್ ಅಂತೀನಿ ನಾನು ಇದಕ್ಕೆ.

ಧಾರವಾಡ ಸೀಮೆಯವರಿಗೆ ಈ ಬುದ್ಧಿ ಅರ್ಥ ಮಾಡಿಸೋದೇ ಬ್ಯಾಡ. ನಮ್ಮ ಹಿರೇರು ಜೋಳವನ್ನು ಹಗೇವಿನಲ್ಲಿ, ಅಂದರೆ ನೆಲದ ಹೊಟ್ಟೆಯಲ್ಲಿ ಇಡುತ್ತಿದ್ದರು. ಕೆಲವು ಅಡಿ ಕೆಳಗೆ ಹೋದರೆ ಹಗಲು-ರಾತ್ರಿಯ ವ್ಯತ್ಯಾಸ ಮಾಯ. ಹಗೇವಿಗೆ ಇಳಿಯೋ ಮುಂಚೆ ದೀಪ ಇಳಿಸಿ ನೋಡೋದು ಇತ್ತು, ಯಾಕಂದ್ರೆ ಉಸಿರಾಡುವ ಕಾಳು ಒಳಗಿನ ಆಮ್ಲಜನಕ ತಿಂದಿರುತ್ತೆ. ಇನ್ನು ಬೇಸಿಗೆಗೆ ಮಣ್ಣಿನ ಗಡಿಗೆ, ಅದರ ಸುತ್ತ ಒದ್ದೆ ಬಟ್ಟೆ. ನೀರು ಆರುವಾಗ ಶಾಖ ಎಳಕೊಂಡು ಹೋಗುತ್ತೆ. ಇದು ನವಲಗುಂದದ ಒಣ ಗಾಳಿಗೆ ಚೆನ್ನಾಗಿ ನಡೆಯುತ್ತೆ. ಅರೆಮಲೆನಾಡಿನ ಕಲಘಟಗಿಯಲ್ಲಿ, ಜುಲೈ ಜಿಟಿಜಿಟಿ ಮಳೆಯಲ್ಲಿ ನಡೆಯಲ್ಲ, ಬಟ್ಟೆ ಒಣಗಿದರೆ ತಾನೆ ತಂಪು! ಆಗ ಬೇಕಾದದ್ದು ಬೆಚ್ಚಗೆ. ದೋಸೆ ಹಿಟ್ಟಿನ ಪಾತ್ರೆ ಒಲೆ ಪಕ್ಕಕ್ಕೆ ಸರಿಯುತ್ತೆ, ಹೆಪ್ಪು ಹಾಕಿದ ಮೊಸರಿಗೆ ಬಟ್ಟೆ ಸುತ್ತಿಡುತ್ತಾರೆ. ಅದೇ ವಿಜ್ಞಾನ, ದಿಕ್ಕು ಮಾತ್ರ ಉಲ್ಟಾ.

ನಮ್ಮ ಪಾನೀಯಗಳೂ ನಮ್ಮ ಹವೆಗೆ ಹೊಂದಿಕೊಂಡಿದ್ದವು. ಈಚಲ ಮರದ ರಸ 30 ಡಿಗ್ರಿಯಲ್ಲಿ ಕೆಲವೇ ಗಂಟೆಗಳಲ್ಲಿ ಸಿಂದಿಯಾಗುತ್ತೆ. ಮಂಜುಗಡ್ಡೆ ಬೇಡ, ಯಂತ್ರ ಬೇಡ. ನಾರ್ವೆಯ ರೈತರು ಕಾಪಾಡಿಕೊಂಡು ಬಂದ ಕ್ವೈಕ್ ಅನ್ನೋ ಯೀಸ್ಟ್ 35 ಡಿಗ್ರಿಯಲ್ಲೂ ಒಳ್ಳೇ ಬಿಯರ್ ಮಾಡುತ್ತೆ ಅಂತ ಈಗ ಜಗತ್ತು ಬೆರಗಾಗುತ್ತಿದೆ. ಬಿಸಿಗೆ ಒಗ್ಗಿದ ಸೂಕ್ಷ್ಮಜೀವಿಗಳು ನಮ್ಮ ಮರಗಳ ಮೇಲೂ ಇದ್ದವು. ಅವನ್ನು ಕಾಪಾಡಿಕೊಳ್ಳುವ ಹಕ್ಕು ಮಾತ್ರ ಮನೆಯ ಕೈಯಲ್ಲಿ ಉಳಿಯಲಿಲ್ಲ.

ಆಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. 1878ರ ಬಾಂಬೆ ಅಬಕಾರಿ ಕಾಯ್ದೆ ಮರದ ರಸ ಇಳಿಸೋದಕ್ಕೂ ಲೈಸೆನ್ಸು, ತೆರಿಗೆ ತಂದಿತು. 1949ರ ಬಾಂಬೆ ಪಾನನಿಷೇಧ ಕಾಯ್ದೆ ಪೂರ್ತಿ ಬಾಗಿಲು ಹಾಕಿತು. 1951ರಲ್ಲಿ ಬಾಲ್ಸಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮದ್ಯಾಂಶ ಇರುವ ಔಷಧಗಳಿಗೆ ಈ ನಿಷೇಧ ಹಾಕುವಂತಿಲ್ಲ ಅಂದಿತು. ಹಾಗಾಗಿ ಅರಿಷ್ಟದ ಬಾಟಲಿ ಅಂಗಡಿಯಲ್ಲಿ ಉಳಿಯಿತು. ಉಳಿದ ಗಡಿಗೆಗಳು ಕಳ್ಳರಾದವು.

ನಾನು ಮನೆಮನೆಯಲ್ಲೂ ಮದ್ಯ ಕಾಸ್ರಿ ಅಂತ ಹೇಳ್ತಿಲ್ಲ. ಸಾರಾಯಿ ಎಷ್ಟು ಸಂಸಾರ ಮುರಿದಿದೆ ಅನ್ನೋದು ನಮ್ಮ ಹಳ್ಳಿಯ ಹೆಣ್ಣುಮಕ್ಕಳಿಗೆ ಗೊತ್ತು, 2007ರಲ್ಲಿ ಕರ್ನಾಟಕ ಅದನ್ನು ನಿಷೇಧಿಸಿದ್ದೂ ಸುಮ್ಮನೆ ಅಲ್ಲ. ನನ್ನ ತಕರಾರು ಬೇರೆ. ಕಾನೂನು ಬಾಟಲಿಯ ಜೊತೆಗೆ ತಿಳಿವಳಿಕೆಯನ್ನೂ ಜಪ್ತಿ ಮಾಡಿತು. ತಂಪು ಕೊಂಡುಕೊಳ್ಳಲು ದುಡ್ಡಿದ್ದ ಕಾರ್ಖಾನೆಗೆ ಲೈಸೆನ್ಸ್ ಸಿಕ್ಕಿತು. ತಂಪಿಲ್ಲದೇ ಕೆಲಸ ತೆಗೆಯಬಲ್ಲ ಕೈಗಳು ಅಪರಾಧಿಗಳ ಪಟ್ಟಿಗೆ ಹೋದವು, ಅವರ ಲೆಕ್ಕಾಚಾರವನ್ನು ಯಾರೂ ಬರೆದಿಡಲಿಲ್ಲ. ಕಲಘಟಗಿ ತೊಟ್ಟಿಲಿನ ಬಣ್ಣದ ಗುಟ್ಟು ಉಳಿಸಬೇಕು ಅಂತ ಎಲ್ಲರೂ ಅಂತಾರೆ, ಸರಿಯಾದ ಮಾತು. ಗಡಿಗೆಯ ಗುಟ್ಟಿಗೆ ಅಂಥ ಮರ್ಯಾದೆ ಸಿಗಲೇ ಇಲ್ಲ.

ಉಳಿದಿರೋದು ಅಡುಗೆಮನೆಯಲ್ಲಿದೆ: ಅಂಬಲಿ, ಮೊಸರು, ದೋಸೆ ಹಿಟ್ಟು. ಇವಕ್ಕೆ ಯಾವ ಲೈಸೆನ್ಸೂ ಬೇಡ. ಈ ವಾರ ಒಂದು ಕೆಲಸ ಮಾಡ್ರಿ. ಮನೆಯಲ್ಲಿ ಹಿರಿಯರಿದ್ದರೆ ಕೇಳ್ರಿ: ಫ್ರಿಜ್ ಬರೋ ಮುಂಚೆ ಬೇಸಿಗೆಯಲ್ಲಿ ಹಿಟ್ಟು ಅತಿಯಾಗಿ ಹುಳಿಯದಂತೆ ಏನು ಮಾಡ್ತಿದ್ರಿ? ಫೋನ್‌ನಲ್ಲಿ ರೆಕಾರ್ಡ್ ಮಾಡ್ಕೊಳ್ರಿ. ಯಾವ ಕಚೇರಿಯ ದಾಖಲೆಯಲ್ಲೂ ಇಲ್ಲದ ಇತಿಹಾಸ ಅದು. ಮುಂದಿನ ವಾರ ಸಿಗೋಣ. ಬರ್ತೀನ್ರಿ.