ಶೂನ್ಯದ ಭಾಗಾಕಾರವೂ ಮಿತಿಯ ವಿಚಾರವೂ

ಕವಿರಾಜಮಾರ್ಗವು ಕನ್ನಡದ ತಿರುಳ ನಾಡನ್ನು ಹೇಳುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಒಂಕುಂದವೂ ಒಂದು. ಅದು ಬೈಲಹೊಂಗಲ ತಾಲೂಕಿನ ಇಂದಿನ ವಕ್ಕುಂದವೆಂದು ವಿದ್ವಾಂಸರು ಗುರುತಿಸಿರುವರು. ಆ ಗ್ರಂಥಕ್ಕೆ ಆಶ್ರಯವಿತ್ತ ನೃಪತುಂಗನ ಆಳಿಕೆಯಲ್ಲಿಯೇ, ಕ್ರಿ. ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿ, ಅದರ ಆದಿಯಲ್ಲಿ ಆ ಅರಸನನ್ನು ಕೊಂಡಾಡಿದನು. ನಾಡಿನ ಎಲ್ಲೆಯನ್ನು ವಿಚಾರಿಸಿದ ಕಾಲವೇ ಸಂಖ್ಯೆಯ ಎಲ್ಲೆಯನ್ನೂ ವಿಚಾರಿಸಿತು.

ಸೊನ್ನೆಯಿಂದ ಭಾಗಿಸಿದರೆ ಬರುವ ಫಲವೇನೆಂಬುದು ಆ ವಿಚಾರ. 628ರಲ್ಲಿ ಬ್ರಹ್ಮಗುಪ್ತನು ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆಯೆಂದಿದ್ದನು. ಸೊನ್ನೆಯಿಂದ ಭಾಗಿಸಿದ ರಾಶಿಯು ಇದ್ದಂತೆಯೇ ಉಳಿಯುವುದೆಂದು ಮಹಾವೀರನು ಹೇಳಿದನು. ಹಂಚಿಕೊಳ್ಳುವವರೇ ಇಲ್ಲದಿರುವಾಗ ರಾಶಿಯು ಕರಗದೆಂಬ ಲೋಕವ್ಯವಹಾರಕ್ಕೆ ಇದು ಒಪ್ಪುವಂತೆ ತೋರುತ್ತದೆ. ಆದರೆ 12ನ್ನು ಒಂದರಿಂದ ಭಾಗಿಸಿದರೆ 12, ಅರ್ಧದಿಂದ ಭಾಗಿಸಿದರೆ 24, ಹತ್ತರಲ್ಲೊಂದಂಶದಿಂದ 120, ನೂರರಲ್ಲೊಂದಂಶದಿಂದ 1200. ಭಾಜಕವು ಸೊನ್ನೆಯತ್ತ ಇಳಿದಂತೆಲ್ಲ ಫಲವು ಮೇರೆಯಿಲ್ಲದೆ ಏರುತ್ತದೆ. ಅದು ಕೊನೆಗೆ 12ಕ್ಕೆ ಮರಳುವುದೆಂಬುದಕ್ಕೆ ಆಧಾರವಿಲ್ಲ.

1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯನು ಇಂತಹ ರಾಶಿಗೆ ಖಹರವೆಂದು ಹೆಸರಿಟ್ಟು, ಏನನ್ನು ಕೂಡಿಸಿದರೂ ಕಳೆದರೂ ಅದು ವಿಕಾರಹೊಂದದೆಂದನು. ಇದಕ್ಕಿಂತ ಮುಖ್ಯವಾದುದು ಅವನ ಲೀಲಾವತಿಯ ಒಂದು ಲೆಕ್ಕ. ಒಂದು ರಾಶಿಯನ್ನು ಸೊನ್ನೆಯಿಂದ ಗುಣಿಸಿ, ಬಂದುದಕ್ಕೆ ಅದರ ಅರ್ಧವನ್ನು ಕೂಡಿಸಿ, ಮೂರರಿಂದ ಗುಣಿಸಿ, ಸೊನ್ನೆಯಿಂದ ಭಾಗಿಸಿದರೆ 63 ಆಗುವುದು. ಆ ರಾಶಿ ಯಾವುದು? ಉತ್ತರ 14. ಸೊನ್ನೆಯಿಂದ ಗುಣಿಸಿದೊಡನೆ ರಾಶಿಯನ್ನು ಅಳಿಸಿಬಿಡದೆ, ಮುಂದೆ ಭಾಗಾಕಾರವಿದ್ದರೆ ಸೊನ್ನೆಯನ್ನು ಗುಣಕವಾಗಿಯೇ ಉಳಿಸಿಕೊಳ್ಳಬೇಕೆಂಬುದು ಅವನ ವಿಧಿ. ಇದು ಗ್ರಹಗಣಿತಕ್ಕೆ ಬಹಳ ಉಪಯುಕ್ತವೆಂದೂ ಅವನು ಹೇಳಿರುವನು. ಸೊನ್ನೆಯನ್ನು ನಿಜವಾದ ಸೊನ್ನೆಯೆಂದು ಹಿಡಿದರೆ ಈ ಲೆಕ್ಕವು ನಿಲ್ಲದು. ಸೊನ್ನೆಗೆ ಬೇಕಾದಷ್ಟು ಸಮೀಪಿಸುವ ಅಲ್ಪರಾಶಿಯೆಂದು ಹಿಡಿದರೆ ನಿಲ್ಲುತ್ತದೆ.

ಇಂದು ಕಿತ್ತೂರು, ಸವದತ್ತಿ, ರಾಮದುರ್ಗಗಳ ವಿದ್ಯಾರ್ಥಿಯು ಕಾಲೇಜಿನಲ್ಲಿ ಲಿಮಿಟ್ ಎಂದು, ಕನ್ನಡದಲ್ಲಿ ಮಿತಿಯೆಂದು ಕಲಿಯುವುದು ಇದನ್ನೇ. ಒಂದು ರಾಶಿಯ ವರ್ಗದಿಂದ 9ನ್ನು ಕಳೆದು, ಅದನ್ನು ಆ ರಾಶಿಯಿಂದ 3 ಕಳೆದ ಶೇಷದಿಂದ ಭಾಗಿಸಬೇಕು. ರಾಶಿಯು 3.1 ಆದರೆ ಫಲ 6.1, 3.01 ಆದರೆ 6.01, 2.99 ಆದರೆ 5.99. ಸರಿಯಾಗಿ 3 ಆದರೆ ಮೇಲೂ ಸೊನ್ನೆ, ಕೆಳಗೂ ಸೊನ್ನೆ. ಅಲ್ಲಿ ಫಲವೇ ಇಲ್ಲ. ಆದರೂ ಮಿತಿಯು 6. ಪ್ರತಿವಾದಿಯು 6ಕ್ಕೆ ಎಷ್ಟು ಸಮೀಪವನ್ನು ಕೇಳಿದರೂ, ಅದಕ್ಕಾಗಿ ರಾಶಿಯನ್ನು 3ಕ್ಕೆ ಎಷ್ಟು ಸಮೀಪದಲ್ಲಿಡಬೇಕೆಂದು ವಾದಿಯು ಹೇಳಬಲ್ಲವನಾದರೆ ಸಿದ್ಧಾಂತವು ಸ್ಥಿರವಾಯಿತು. ಯುರೋಪಿನಲ್ಲಿ ಕೋಶಿ ಎಂಬವನು 1821ರ ಗ್ರಂಥದಲ್ಲಿ ಮಿತಿಯನ್ನು ಕಲನಶಾಸ್ತ್ರದ ತಳಹದಿಯಾಗಿಸಿದನು. ಬಳಿಕ ವೈಯರ್‌ಸ್ಟ್ರಾಸನು ಅದಕ್ಕೆ ಈ ನಿಷ್ಕೃಷ್ಟ ರೂಪವನ್ನು ಕೊಟ್ಟನು.

ಆದುದರಿಂದ ಮಿತಿಯೆಲ್ಲವೂ ನಮ್ಮವರಿಗೆ ತಿಳಿದಿತ್ತೆನ್ನುವುದು ಸಲ್ಲದು; ಮಹಾವೀರನ ಉತ್ತರವು ತಪ್ಪಾಯಿತೆಂದು ಅವನನ್ನು ಕಡೆಗಣಿಸುವುದೂ ಸಲ್ಲದು. ಒಂದು ಗುಂಪಿನಿಂದ ಕೆಲವನ್ನು ಆರಿಸುವ ಬಗೆಗಳೆಷ್ಟೆಂಬುದಕ್ಕೆ ಸಾಮಾನ್ಯ ಸೂತ್ರವನ್ನು ಕೊಟ್ಟವನು ಅವನು. 1912ರಲ್ಲಿ ರಂಗಾಚಾರ್ಯರು ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಅವನ ಗ್ರಂಥವನ್ನು ಪ್ರಕಟಿಸಿದಂದಿನಿಂದ ಅದು ಎಲ್ಲರ ಕೈಗೆ ದೊರೆಯುವಂತಾಗಿದೆ. ಬ್ರಹ್ಮಗುಪ್ತನೂ ಮಹಾವೀರನೂ ಸೊನ್ನೆಯನ್ನು ಮುಟ್ಟಿದಾಗ ಆಗುವುದೇನೆಂದು ಕೇಳಿದರು. ಸೊನ್ನೆಯನ್ನು ಸಮೀಪಿಸುವಾಗ ಆಗುವುದೇನೆಂದು ಪ್ರಶ್ನೆಯನ್ನು ತಿದ್ದಿಕೊಳ್ಳಲು ಶತಮಾನಗಳು ಹಿಡಿದವು. ವಿದ್ಯಾರ್ಥಿಗೆ ಮೊದಲು ಕಲಿಸಬೇಕಾದುದು ಈ ತಿದ್ದಿದ ಪ್ರಶ್ನೆ. ಸೂತ್ರಗಳು ಅದರ ಹಿಂದೆ ತಾವೇ ಬರುವವು.