ಹಿಂಡಿ ಮೂಟೆಯಲ್ಲಿ ಔಷಧದ ಉಳಿಕೆ: ಲ್ಯಾಬ್‌ನಲ್ಲಿ ಪತ್ತೆ ಹೇಗೆ, ಸ್ಯಾಂಪಲ್ ತೆಗೆಯೋದು ಹೇಗೆ?

ಹೆಪ್ಪು ಹಾಕಿ ರಾತ್ರಿಯಿಡೀ ಬಿಟ್ಟರೂ ಮೊಸರು ಕಟ್ಟಿಲ್ಲ. ಚಳಿ ಇರಬಹುದು, ಹೆಪ್ಪು ಹಳಸಿರಬಹುದು. ಇನ್ನೂ ಒಂದು ಕಾರಣ ಇದೆ: ಹಾಲಿನಲ್ಲಿ ಆಂಟಿಬಯಾಟಿಕ್ ಉಳಿದಿದ್ದರೆ ಮೊಸರು ಕಟ್ಟುವ ಬ್ಯಾಕ್ಟೀರಿಯಾ ಬೆಳೆಯೋದಿಲ್ಲ. ಡೈರಿಯಲ್ಲಿ ಕ್ಯಾನ್ ವಾಪಸ್ ಬಂದಾಗ ಸಾಕಿದವರು ಹಿಂಡಿ ಅಂಗಡಿಯವರನ್ನು ದೂರುತ್ತಾರೆ, ಅಂಗಡಿಯವರು ಕಂಪನಿ ಕಡೆ ಬೆರಳು ತೋರಿಸುತ್ತಾರೆ. ಜಗಳ ಬಗೆಹರಿಯಬೇಕಾದರೆ ಲ್ಯಾಬ್ ರಿಪೋರ್ಟ್ ಬೇಕು. ಆದರೆ ಸ್ಯಾಂಪಲ್ ಸರಿಯಾಗಿ ತೆಗೆಯದಿದ್ದರೆ ಆ ರಿಪೋರ್ಟ್‌ಗೂ ಬೆಲೆ ಇಲ್ಲ.

ಆಹಾರಕ್ಕೆ ಔಷಧ ಸೇರೋದು ಹೇಗೆ?

ಮೂರು ದಾರಿ ಇವೆ. ಒಂದು, ಬೇಕಂತಲೇ ಬೆರೆಸಿದ್ದು. ಕೋಳಿ ಆಹಾರಕ್ಕೆ ರಕ್ತಭೇದಿ ತಡೆಯುವ ಔಷಧ ಸೇರಿಸುವುದು ಸಾಮಾನ್ಯ. ಎರಡು, ಮಿಲ್‌ನಲ್ಲಿ ಅಂಟಿಕೊಂಡಿದ್ದು. ಔಷಧ ಬೆರೆಸಿದ ಕೋಳಿ ಆಹಾರ ತಯಾರಿಸಿದ ಮಿಕ್ಸರ್‌ನಲ್ಲೇ ಮುಂದಿನ ಬ್ಯಾಚ್ ದನದ ಹಿಂಡಿ ಮಾಡಿದರೆ, ಮೂಲೆಯಲ್ಲಿ ಉಳಿದ ಪುಡಿ ಅದಕ್ಕೂ ಸೇರುತ್ತದೆ. ಇದನ್ನು ತಪ್ಪಿಸಲು ಮಧ್ಯೆ ಒಂದಷ್ಟು ಜೋಳದ ನುಚ್ಚು ಅಥವಾ ತೌಡು ಓಡಿಸಿ ಮಿಕ್ಸರ್ ತೊಳೆದಂತೆ ಮಾಡುತ್ತಾರೆ. ಮೂರು, ಕೊಟ್ಟಿಗೆಯಲ್ಲೇ ಆಗುವ ತಪ್ಪು: ಒಂದೇ ಬಕೆಟ್, ಒಂದೇ ಮೊರ, ಅದಲುಬದಲಾದ ಮೂಟೆ.

ಪ್ರಮಾಣ ಸಣ್ಣದು ಅಂತ ಸುಮ್ಮನಿರೋ ಹಾಗಿಲ್ಲ. ಕೋಳಿಗೆ ಒಗ್ಗುವ ಮೊನೆನ್ಸಿನ್, ಸಲಿನೊಮೈಸಿನ್ ಕುದುರೆಗೆ ವಿಷ. ಹೃದಯದ ಸ್ನಾಯು ಹಾಳಾಗಿ ಸಾಯಬಹುದು. ಹಾಗಾಗಿ ಕೋಳಿ ಆಹಾರ ಅಗ್ಗಕ್ಕೆ ಸಿಕ್ಕಿತು ಅಂತ ಬೇರೆ ಪ್ರಾಣಿಗೆ ಹಾಕಬಾರದು.

ಕಾನೂನು ಏನು ಹೇಳುತ್ತೆ?

ಕೋಲಿಸ್ಟಿನ್ ಎಂಬ ಆಂಟಿಬಯಾಟಿಕ್ ಮನುಷ್ಯರಿಗೆ ಕೊನೆಯ ಹಂತದಲ್ಲಿ ಕೊಡುವ ಔಷಧ. ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿ, ಮೀನು ಮತ್ತು ಪಶು ಆಹಾರದಲ್ಲಿ ಬಳಸಲು ಇದರ ತಯಾರಿಕೆ ಹಾಗೂ ಮಾರಾಟವನ್ನು ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ನಿಷೇಧಿಸಿದೆ. ಪಶು ಔಷಧದ ಲೇಬಲ್ ಮೇಲೆ, ಔಷಧ ನಿಲ್ಲಿಸಿದ ಮೇಲೆ ಎಷ್ಟು ದಿನ ಹಾಲು, ಮೊಟ್ಟೆ, ಮಾಂಸ ಬಳಸಬಾರದು ಅಂತ ಬರೆದಿರಬೇಕು. ಬರೆಯದಿದ್ದರೆ 2012ರ ನಿಯಮದ ಪ್ರಕಾರ ಹಾಲು, ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ ಕನಿಷ್ಠ 28 ದಿನ.

ಸ್ಯಾಂಪಲ್ ತೆಗೆಯೋ ಕ್ರಮ

- ಒಂದೇ ಮೂಟೆಯ ಬಾಯಿಂದ ಒಂದು ಹಿಡಿ ತೆಗೆದರೆ ಸಾಲದು. ಒಂದೇ ಬ್ಯಾಚ್‌ನ ಹಲವು ಮೂಟೆಗಳಿಂದ, ಮೇಲೆ, ಮಧ್ಯೆ, ಕೆಳಗೆ ಚುಚ್ಚಿ ತೆಗೆಯಬೇಕು. ಔಷಧ ಎಲ್ಲ ಕಡೆ ಸಮನಾಗಿ ಹರಡಿರೋದಿಲ್ಲ.
- ಎಲ್ಲವನ್ನೂ ಒಣ ಹಾಳೆ ಮೇಲೆ ಸುರಿದು ಕಲಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಉಳಿಸಿಕೊಳ್ಳಿ. ಸುಮಾರು ಒಂದೂವರೆ ಕೆಜಿಗೆ ಬರುವವರೆಗೆ ಹೀಗೇ ಮಾಡಿ.
- ಅದನ್ನು ಮೂರು ಪಾಲು ಮಾಡಿ ಸೀಲ್ ಹಾಕಿ: ಲ್ಯಾಬ್‌ಗೆ ಒಂದು, ಅಂಗಡಿಯವರಿಗೆ ಒಂದು, ಕೊಂಡವರಿಗೆ ಒಂದು. ಇಬ್ಬರ ಸಹಿಯೂ ಇದ್ದರೆ ಆಮೇಲೆ ತಕರಾರು ಕಡಿಮೆ.
- ಬ್ಯಾಚ್ ನಂಬರ್, ತಯಾರಿಕೆ ದಿನಾಂಕ, ಸ್ಯಾಂಪಲ್ ತೆಗೆದ ದಿನ ಬರೆಯಿರಿ. ಬಿಸಿಲು, ತೇವ ತಾಗದಂತೆ ಇಡಿ.

ಲ್ಯಾಬ್‌ನಲ್ಲಿ ಏನು ಮಾಡ್ತಾರೆ?

ಬಹಳ ಜನ ಎಡವೋದು ಇಲ್ಲೇ. 'ಹಿಂಡಿ ಟೆಸ್ಟ್ ಮಾಡಿ' ಅಂತ ಕೊಟ್ಟರೆ ತೇವಾಂಶ, ಪ್ರೋಟೀನ್, ಕೊಬ್ಬು, ನಾರು, ಮರಳಿನ ಅಂಶ ನೋಡಿ ಕೊಡುತ್ತಾರೆ. ಅದರಲ್ಲಿ ಔಷಧದ ಸುಳಿವೇ ಸಿಗೋದಿಲ್ಲ. ಯಾವ ಔಷಧ ಅಥವಾ ಯಾವ ಗುಂಪು ಹುಡುಕಬೇಕು ಅಂತ ಹೆಸರಿಟ್ಟು ಕೇಳಬೇಕು.

ಪರೀಕ್ಷೆ ಎರಡು ಹಂತದ್ದು. ಮೊದಲನೆಯದು ಎಲಿಸಾ ಕಿಟ್ ಅಥವಾ ಬ್ಯಾಕ್ಟೀರಿಯಾ ಬೆಳವಣಿಗೆ ತಡೆಯುತ್ತಾ ಅಂತ ನೋಡುವ ಜರಡಿ ಪರೀಕ್ಷೆ. ಬೇಗ ಆಗುತ್ತೆ, ಖರ್ಚೂ ಕಡಿಮೆ. ಆದರೆ ಇದು ಕೊಡೋದು ಅನುಮಾನ ಮಾತ್ರ. ಖಚಿತಪಡಿಸಲು ಔಷಧವನ್ನು ದ್ರಾವಕದಲ್ಲಿ ಬಿಡಿಸಿ, ಸೋಸಿ, ಎಲ್‌ಸಿ-ಎಂಎಸ್/ಎಂಎಸ್ ಯಂತ್ರಕ್ಕೆ ಹಾಕುತ್ತಾರೆ. ಅದು ಅಣುವಿನ ತೂಕ ಮತ್ತು ಅದು ಒಡೆಯುವ ರೀತಿ ನೋಡಿ ಗುರುತು ಹಿಡಿಯುತ್ತದೆ.

ರಿಪೋರ್ಟ್ ಓದೋದು ಹೇಗೆ?

'ಪಿಪಿಎಂ' ಅಂದರೆ 1 ಟನ್‌ನಲ್ಲಿ 1 ಗ್ರಾಂ. 'ಪಿಪಿಬಿ' ಅಂದರೆ 1,000 ಟನ್‌ನಲ್ಲಿ 1 ಗ್ರಾಂ. 'ಪತ್ತೆಯಾಗಿಲ್ಲ' ಅಂದರೆ ಸೊನ್ನೆ ಅಂತಲ್ಲ, ಯಂತ್ರ ಹಿಡಿಯಬಲ್ಲ ಮಿತಿಗಿಂತ ಕಡಿಮೆ ಅಂತ. ಆ ಮಿತಿ ಎಷ್ಟು ಅಂತ ರಿಪೋರ್ಟ್‌ನಲ್ಲಿ ಇದೆಯಾ ನೋಡಿ. ಲ್ಯಾಬ್‌ಗೆ ಎನ್‌ಎಬಿಎಲ್ ಮಾನ್ಯತೆ ಇದ್ದರೆ ಸಾಲದು. ಪಶು ಆಹಾರ ಮತ್ತು ಆ ನಿರ್ದಿಷ್ಟ ಔಷಧ ಮಾನ್ಯತೆಯ ಪಟ್ಟಿಯಲ್ಲಿ ಇರಬೇಕು. ಫಲಿತಾಂಶ ಕಳಿಸಿದ ಸ್ಯಾಂಪಲ್‌ಗೆ ಮಾತ್ರ ಅನ್ವಯ.

ತಪ್ಪು ಯಾವಾಗಲೂ ಹಿಂಡಿಯದ್ದೇ ಅಲ್ಲ

ಎಫ್‌ಎಸ್‌ಎಸ್‌ಎಐ 2018ರಲ್ಲಿ ದೇಶಾದ್ಯಂತ ಪರೀಕ್ಷಿಸಿದ 6,432 ಹಾಲಿನ ಸ್ಯಾಂಪಲ್‌ಗಳ ಪೈಕಿ 77ರಲ್ಲಿ ಆಂಟಿಬಯಾಟಿಕ್ ಮಿತಿ ಮೀರಿತ್ತು. 368ರಲ್ಲಿ ಮೀರಿದ್ದು ಅಫ್ಲಾಟಾಕ್ಸಿನ್ ಎಂ1. ಅದು ಔಷಧ ಅಲ್ಲ, ಬೂಷ್ಟು ಹಿಡಿದ ಮೇವು, ಹಿಂಡಿಯಿಂದ ಬರುವ ವಿಷ. ಹಾಲಿನಲ್ಲಿ ಆಂಟಿಬಯಾಟಿಕ್ ಸಿಕ್ಕರೆ ಹೆಚ್ಚಾಗಿ ಕಾರಣ ಕೆಚ್ಚಲು ಬಾವಿಗೆ ಹಾಕಿದ ಟ್ಯೂಬ್ ಅಥವಾ ಇಂಜೆಕ್ಷನ್. ಅದಕ್ಕೇ ಮೊದಲು ಚಿಕಿತ್ಸೆಯ ಚೀಟಿ, ದಿನಾಂಕ ನೋಡಿ, ಆಮೇಲೆ ಹಿಂಡಿ ಸ್ಯಾಂಪಲ್ ಕಳಿಸಿ. ಹಾಲು ಕಾಯಿಸಿದರೆ ಎರಡೂ ಹೋಗುತ್ತೆ ಅನ್ನೋದು ಸುಳ್ಳು ನಂಬಿಕೆ.

ಎಲ್ಲಿ ಕೇಳಬೇಕು?

ಮೊದಲು ತಾಲ್ಲೂಕು ಪಶು ಆಸ್ಪತ್ರೆಯ ವೈದ್ಯರನ್ನು ಕಾಣಿ. ಪಶು ಪೋಷಣೆಯ ರಾಷ್ಟ್ರೀಯ ಸಂಶೋಧನಾ ಸಂಸ್ಥೆ ಬೆಂಗಳೂರಿನ ಆಡುಗೋಡಿಯಲ್ಲಿದೆ. ಎನ್‌ಡಿಡಿಬಿಯ 'ಕಾಫ್' ಲ್ಯಾಬ್ ಗುಜರಾತಿನ ಆನಂದ್‌ನಲ್ಲಿದೆ. ಕಳಿಸುವ ಮೊದಲು, ಬೇಕಾದ ಪರೀಕ್ಷೆ ಮಾಡುತ್ತಾರಾ, ಶುಲ್ಕ ಎಷ್ಟು ಅಂತ ಕೇಳಿಕೊಳ್ಳಿ. ಪ್ರಾಣಿ ಕಾಯಿಲೆ ಬಿದ್ದಿದ್ದರೆ ರಿಪೋರ್ಟ್‌ಗೆ ಕಾಯಬೇಡಿ. 1962ಕ್ಕೆ ಕರೆ ಮಾಡಿ, ಆ ಮೂಟೆಯಿಂದ ಮೇವು ಹಾಕೋದು ನಿಲ್ಲಿಸಿ. ಬಿಲ್, ಮೂಟೆಯ ಲೇಬಲ್ ಮಾತ್ರ ಎಸೆಯಬೇಡಿ.